ಮಾತ್ರೆಯಿಂದ ನಡಿಗೆ ಕೆಟ್ಟಾಗ ಕೋಲು, ವಾಕರ್ ಆರಿಸುವುದು ಹೇಗೆ?

ದಾವಣಗೆರೆಯ ನಮ್ಮ ಮನೆಯಲ್ಲಿ ಅವ್ವ ಒಂದು ಬೆಳಿಗ್ಗೆ ಹೊಸ್ತಿಲ ಮುಂದೆ ನಿಂತೇಬಿಟ್ಟಳು. "ಕಾಲು ನೆಲಕ್ಕೆ ಅಂಟಿಕೊಂಡಂಗಾಗೈತಿ ನೋಡು" ಅಂದಳು. ವಯಸ್ಸಾಯ್ತಲ್ಲ ಅಂದುಕೊಂಡು ನಾವು ಸುಮ್ನಾದೆವು. ತಲೆಸುತ್ತಿಗೆ ತಿಂಗಳುಗಟ್ಟಲೆ ನುಂಗಿದ ಸಿನ್ನರಿಜಿನ್ ಮಾತ್ರೆಯಿಂದಲೂ ಹೀಗಾಗುತ್ತದೆ ಅಂತ ಆಮೇಲೆ ತಿಳಿಯಿತು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮನಸ್ಸಿನ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ಕೂಡ ಕೆಲವರ ಮೈ ಬಿಗಿಯುವಂತೆ, ಕೈ ನಡುಗುವಂತೆ, ಹೆಜ್ಜೆ ಚಿಕ್ಕದಾಗುವಂತೆ ಮಾಡುತ್ತವೆ.

ಹಾಗಾಗಿ ವಾಕರ್ ಕೊಳ್ಳುವ ಮೊದಲು ಮನೆಯಲ್ಲಿರುವ ಎಲ್ಲ ಮಾತ್ರೆ ತಗೊಂಡು ಡಾಕ್ಟರಿಗೆ ತೋರಿಸಿ. ನೀವಾಗಿಯೇ ನಿಲ್ಲಿಸಬೇಡಿ. ಮನಸ್ಸಿನ ಕಾಯಿಲೆಯ ಮಾತ್ರೆಯನ್ನಂತೂ ನಿಲ್ಲಿಸಲೇಬೇಡಿ, ಕಾಯಿಲೆ ಮರುಕಳಿಸಬಹುದು. ಡಾಕ್ಟರು ಮಾತ್ರೆ ಬದಲಿಸಿದರೂ ನಡಿಗೆ ಸುಧಾರಿಸಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಬೀಳದಂತೆ ನೋಡಿಕೊಳ್ಳಬೇಕು, ಅಲ್ವಾ?

ಕೋಲು ಸಾಕಾಗುವಂತಿದ್ದರೆ ಅದರ ಎತ್ತರ ನೋಡಿ. ಚಪ್ಪಲಿ ಹಾಕಿಸಿ, ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಡಿಸಿ. ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸರಿಯಾಗಿ ಬರಬೇಕು. ಅವ್ವ ಹಿಡಿದಿದ್ದು ಅಪ್ಪಾಜಿಯ ಕೋಲು, ನಾಲ್ಕು ಬೆರಳು ಜಾಸ್ತಿ ಉದ್ದ. ಊರಿದಾಗಲೆಲ್ಲ ಅವಳ ಬಲ ಭುಜ ಕಿವಿಯವರೆಗೆ ಏರುತ್ತಿತ್ತು. ಬಡಗಿಯ ಹತ್ತಿರ ಕೊಯ್ಯಿಸಿ, ತುದಿಗೆ ಹೊಸ ರಬ್ಬರ್ ಹಾಕಿಸಿದ ಮೇಲೆ ಭುಜ ಇಳಿಯಿತು. ಒಂದೇ ಕಾಲು ಸೋತಿದ್ದರೆ ಕೋಲು ಇನ್ನೊಂದು ಕಡೆಯ ಕೈಯಲ್ಲಿರಲಿ.

ವಾಕರ್ ಬೇಕಾದರೆ ಜಾಸ್ತಿ ಯೋಚಿಸಿ. ಚಕ್ರವಿಲ್ಲದ್ದನ್ನು ಪ್ರತಿ ಹೆಜ್ಜೆಗೂ ಎತ್ತಿ ಇಡಬೇಕು. ಆಗ ನಡಿಗೆ ಮಧ್ಯೆ ಮಧ್ಯೆ ತುಂಡಾಗುತ್ತದೆ, ಎತ್ತುವಾಗ ಹಿಂದಕ್ಕೆ ವಾಲುವವರೂ ಇದ್ದಾರೆ. ಇಂಥವರಿಗೆ ಮುಂದೆ 2 ಚಕ್ರ ಇರುವುದು ಸಾಮಾನ್ಯವಾಗಿ ವಾಸಿ. 4 ಚಕ್ರದ್ದು ಬೇಗ ಓಡುತ್ತದೆ. ಮುಗ್ಗರಿಸಿಕೊಂಡು ಮುಂದಕ್ಕೆ ಓಡುವ ನಡಿಗೆ ಇದ್ದರೆ, ಬ್ರೇಕ್ ಹಿಡಿಯಲು ಬೆರಳು ಬಗ್ಗದಿದ್ದರೆ ಅದು ಬೇಡ. ಫಿಸಿಯೋಥೆರಪಿಸ್ಟ್ ಮುಂದೆ ನಡೆಸಿ ನೋಡಿಯೇ ಕೊಳ್ಳಿ. ತಿರುಗುವಾಗ ನಿಂತಲ್ಲೇ ತಿರುಗದೆ, ಅಗಲವಾಗಿ ಸುತ್ತಿ ಬರಲು ಹೇಳಿಕೊಡಿ.

ಅಂಗವಿಕಲರ ಪುನರ್ವಸತಿಗೆ ಕೇಂದ್ರ ಸರ್ಕಾರದ ಸಿಆರ್‌ಸಿ ಅನ್ನೋ ಸಂಸ್ಥೆ ದಾವಣಗೆರೆಯಲ್ಲೇ ಇದೆ, ಸಲಕರಣೆ ಬಗ್ಗೆ ಅಲ್ಲಿ ಕೇಳಿ. 60 ದಾಟಿದ ಬಡವರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಕೋಲು, ವಾಕರ್ ಉಚಿತ.

ಕಾಲು ಅಂಟಿಕೊಳ್ಳುವ ಜಾಗದಲ್ಲಿ ನೆಲಕ್ಕೆ ಬಣ್ಣದ ಟೇಪನ್ನು ಒಂದೊಂದು ಹೆಜ್ಜೆ ದೂರಕ್ಕೆ ಅಡ್ಡಡ್ಡ ಅಂಟಿಸಿ. ಗೆರೆ ದಾಟಬೇಕು ಅಂದಾಗ ಎಷ್ಟೋ ಜನರ ಕಾಲು ಎದ್ದುಬಿಡುತ್ತದೆ. ನಮ್ಮ ಹೊಸ್ತಿಲ ಮುಂದೆ 3 ಹಳದಿ ಪಟ್ಟಿಗಳಿವೆ. ಅವ್ವ ಎಣಿಸಿಕೊಂಡೇ ದಾಟುತ್ತಾಳೆ.