ಎಕೋ ನಾರ್ಮಲ್, ಆದರೂ ಏದುಸಿರು

ಬಹುಕಾಲದಿಂದ ಬಿಪಿ ಇರುವ ಹೆಂಗಸು ತೋಟದ ಏರು ಹತ್ತುವಾಗ ಏದುಸಿರು ಬರುತ್ತದೆ ಅಂದರೆ, ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿನಲ್ಲಿ ‘ಇಎಫ್ 60%’, ಅಂದರೆ ನಾರ್ಮಲ್, ಎಂದಿದ್ದರೂ ನಾನು ಅಲ್ಲಿಗೇ ಬಿಡುವುದಿಲ್ಲ. ಇಎಫ್ ಹೇಳುವುದು ಹೃದಯ ಹಿಂಡುವ ಬಲವನ್ನು. ಅದು ಸಡಿಲಗೊಂಡು ರಕ್ತ ತುಂಬಿಕೊಳ್ಳುತ್ತದೋ ಇಲ್ಲವೋ ಅದರಲ್ಲಿ ಗೊತ್ತಾಗದು. ಬಿಪಿ ಏರಿದಾಗ ಗಂಡಸರ ಹೃದಯದ ಎಡ ಕೋಣೆ ಹಿಗ್ಗಿ ಬಲ ಕಳೆದುಕೊಳ್ಳುವುದು ಹೆಚ್ಚು. ಹೆಂಗಸರಲ್ಲಿ ಕೋಣೆ ಚಿಕ್ಕದಾಗೇ ಉಳಿದು ಗೋಡೆ ದಪ್ಪವಾಗಿ ಬಿಗಿಯುವುದು ಹೆಚ್ಚು. ಬಿಗಿದ ಕೋಣೆಯ ಒತ್ತಡ ಹಿಂದಕ್ಕೆ ಶ್ವಾಸಕೋಶಕ್ಕೆ ತಟ್ಟುತ್ತದೆ.

ಮೊದಲು ಬಿಪಿ ಸರಿಯಾಗಿ ಅಳೆಯಬೇಕು. ಮಡಿಕೇರಿಯ ಚಳಿಗೆ ಹಾಕಿಕೊಂಡ ಸ್ವೆಟರ್ ಮೇಲೆಯೇ ಪಟ್ಟಿ ಸುತ್ತಬಾರದು. ಅರ್ಧ ಗಂಟೆ ಮೊದಲಿನಿಂದ ಕಾಫಿ ಬೇಡ. ಬೆನ್ನು ಆನಿಸಿ 5 ನಿಮಿಷ ಕೂರಿಸಿ, ತೋಳು ಎದೆಯ ಮಟ್ಟಕ್ಕಿರಲಿ. ತೋಳು ಸಣ್ಣಗಿರುವವರಿಗೆ ದೊಡ್ಡ ಪಟ್ಟಿ ಕಟ್ಟಿದರೆ ಬಿಪಿ ಕಡಿಮೆ ತೋರಿಸುತ್ತದೆ. ತೋಟದ ಕೂಲಿಗಳ ಲೈನ್ ಮನೆಗಳ ಹೆಂಗಸರಲ್ಲಿ ಬಿಪಿ ತಪ್ಪಿಹೋಗುವುದು ಹೀಗೂ ಉಂಟು.

ಎಕೋದಲ್ಲಿ ನಾನು ಕೈಯಾರೆ ಲೆಕ್ಕ ಹಾಕುತ್ತೇನೆ. ಗೋಡೆಗಳ ದಪ್ಪ 11 ಮಿಮೀ, ಕೋಣೆಯ ಒಳ ಅಗಲ 42 ಮಿಮೀ ಎಂದಿಟ್ಟುಕೊಳ್ಳಿ. ಹಿಂಗೋಡೆಯ ದಪ್ಪದ ಎರಡರಷ್ಟನ್ನು ಕೋಣೆಯ ಅಳತೆಯಿಂದ ಭಾಗಿಸಿದರೆ 0.52. ಇದು 0.42 ದಾಟಿದರೆ ಗೋಡೆ ಒಳಮುಖವಾಗಿ ದಪ್ಪವಾಗಿದೆ ಎಂದರ್ಥ. ಇದೇ ಅಳತೆಗೆ ಎಡ ಕೋಣೆಯ ತೂಕ ಸುಮಾರು 157 ಗ್ರಾಂ. ಮೈ ವಿಸ್ತೀರ್ಣ 1.5 ಚದರ ಮೀಟರ್ ಆದರೆ ಚದರ ಮೀಟರಿಗೆ 105 ಗ್ರಾಂ. ಗಂಡಸರಿಗೆ ಮಿತಿ 115, ಹೆಂಗಸರಿಗೆ 95. ಅಂದರೆ ಅದೇ ಅಂಕಿ ಅವನಿಗೆ ಮಿತಿಯೊಳಗೆ, ಅವಳಿಗೆ ಕಾಯಿಲೆ. ಇಬ್ಬರಿಗೂ ಒಂದೇ ಗೆರೆ ಎಳೆದರೆ ಅವಳ ರಿಪೋರ್ಟು ‘ನಾರ್ಮಲ್’ ಆಗಿಬಿಡುತ್ತದೆ, ಇದು ನನಗೆ ಬಹಳ ನೋವಿನ ವಿಷಯ. ಇಸಿಜಿಯ ಅಲೆಗಳ ಅಳತೆ ಕೂಡಿಸಿ ಗೋಡೆ ದಪ್ಪವಾಗಿದೆಯೇ ಎಂದು ಅಂದಾಜಿಸುವ ಕಾರ್ನೆಲ್ ಲೆಕ್ಕದಲ್ಲೂ ಮಿತಿ ಗಂಡಸರಿಗೆ 28 ಮಿಮೀ, ಹೆಂಗಸರಿಗೆ 20.

ಬಸಿರಲ್ಲಿ ಬಿಪಿ ಏರಿತ್ತೇ, ಫಿಟ್ಸ್ ಬಂದಿತ್ತೇ, ಮುಟ್ಟು ಯಾವಾಗ ನಿಂತಿತು ಎಂದು ತಪ್ಪದೇ ಕೇಳಬೇಕು. ಹಳೆಯ ತಾಯಿ ಕಾರ್ಡ್ ಇದ್ದರೆ ತರಿಸಿ ನೋಡಿ. ಬಸಿರಿನ ಬಿಪಿ ಹೆರಿಗೆಯಾದ ಮೇಲೆ ಇಳಿದರೂ ಮುಂದೆ ಹೃದಯದ ತೊಂದರೆಯ ಸಾಧ್ಯತೆ ಹೆಚ್ಚು. ಮುಟ್ಟು ನಿಂತ ಮೇಲೆ ಬಿಪಿ ಬೇಗ ಏರುತ್ತದೆ.

ಬಿಪಿ ಮಾತ್ರೆಯಲ್ಲೂ ವ್ಯತ್ಯಾಸವಿದೆ. ಆಮ್ಲೋಡಿಪಿನ್‌ನಿಂದ ಕಾಲು ಊದುವುದು, ಎನಾಲಾಪ್ರಿಲ್ ಬಗೆಯ ಮಾತ್ರೆಗಳಿಂದ ಒಣಕೆಮ್ಮು, ಎರಡೂ ಹೆಂಗಸರಲ್ಲಿ ಹೆಚ್ಚು. ಸಂಜೆ ಗಂಬೂಟು ಬಿಚ್ಚಿದಾಗ ಕಾಣುವ ಊತ ಹೃದಯದ್ದೋ ಮಾತ್ರೆಯದ್ದೋ ಎಂದು ಮೊದಲು ನೋಡಿ, ಆಮೇಲೆ ನೀರಿಳಿಸುವ ಮಾತ್ರೆ ಬರೆಯಿರಿ. ಇನ್ನೂ ಬಸಿರಾಗಬಹುದಾದವರಿಗೆ ಎನಾಲಾಪ್ರಿಲ್, ಟೆಲ್ಮಿಸಾರ್ಟಾನ್ ಬರೆಯುವ ಮೊದಲು ಬಸಿರಿನ ವಿಷಯ ಬಾಯಿಬಿಟ್ಟು ಕೇಳಲೇಬೇಕು. ಅವು ಹೊಟ್ಟೆಯಲ್ಲಿರುವ ಕೂಸಿನ ಕಿಡ್ನಿಗೆ ಹಾನಿ ಮಾಡುತ್ತವೆ.