ಸಸಿಯ ಮೊದಲ ಎಲೆಗಳು: ನೋಡುವುದು ಹೇಗೆ, ನೋಡಿಕೊಳ್ಳುವುದು ಹೇಗೆ

ಬೀಜ ಮೊಳೆತಾಗ ಮೊದಲು ಬಿಚ್ಚಿಕೊಳ್ಳುವ ಎಲೆಗಳು ಆ ಗಿಡದ ಮುಂದಿನ ಎಲೆಗಳಂತೆ ಇರುವುದಿಲ್ಲ. ಟೊಮೆಟೊ ಎಲೆಯ ಅಂಚು ಸೀಳುಸೀಳು. ಅದರ ಸಸಿಯ ಮೊದಲ ಎರಡು ಎಲೆಗಳು ಮಾತ್ರ ಉದ್ದಕ್ಕೆ, ನುಣ್ಣಗೆ ಇರುತ್ತವೆ. ಇವೇ ಬೀಜದೆಲೆಗಳು. ಶಾಲೆಯಲ್ಲಿ ಬೀಜದಳ ಎಂದು ಓದಿರುತ್ತೀರಿ. ಹೇಗೂ ಉದುರುತ್ತವೆ ಅಂತ ಕೆಲವರು ಇವನ್ನು ಸುಮ್ನೆ ಚಿವುಟಿ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾಕೆ ಎಂಬುದನ್ನು ನೀವೇ ಮಾಡಿ ನೋಡಬಹುದು.

ಬೀಜ ಬಿಡಿಸಿ ನೋಡಿ

ಒಂದು ಹಿಡಿ ಬೀನ್ಸ್ ಬೀಜ ರಾತ್ರಿಯಿಡೀ ನೆನೆಯಲಿ. ಬೆಳಿಗ್ಗೆ ಒಂದರ ಸಿಪ್ಪೆ ಜಾರಿಸಿ, ಎರಡು ಬೇಳೆಗಳಾಗಿ ಮೆಲ್ಲಗೆ ಬಿಡಿಸಿ. ಆ ದಪ್ಪ ಬೇಳೆಗಳೇ ಬೀಜದೆಲೆಗಳು. ಒಂದರ ಅಂಚಿಗೆ ಅಂಟಿಕೊಂಡು ಪುಟ್ಟ ಬೇರಿನ ತುದಿ, ಮಡಚಿಟ್ಟ ಎಳೆ ಎಲೆಗಳು ಕಾಣುತ್ತವೆ. ಭೂತಗನ್ನಡಿ ಇದ್ದರೆ ಇನ್ನೂ ಚೆನ್ನ. ಬೆಳೆಯಬೇಕಾದ ಬೇರು, ಚಿಗುರು ಇಷ್ಟೇ. ಬೇಳೆಯಲ್ಲಿರುವುದು ಅದಕ್ಕೆ ಕಟ್ಟಿಕೊಟ್ಟ ಬುತ್ತಿ: ಪಿಷ್ಟ, ಪ್ರೋಟೀನ್. ಬೀಜ ನೀರು ಹೀರಿದ ಮೇಲೆ ಕಿಣ್ವಗಳು ಇದನ್ನು ಕರಗಿಸುತ್ತವೆ. ಕರಗಿದ್ದು ಬೇರಿಗೂ ಚಿಗುರಿಗೂ ಹರಿಯುತ್ತದೆ. ಬೆಳಕು ಸಿಗುವವರೆಗೆ ಸಸಿಗೆ ಬೇರೆ ಆಹಾರವೇ ಇಲ್ಲ.

ಎಲ್ಲ ಬೀಜಗಳೂ ಹೀಗಲ್ಲ. ಮೆಕ್ಕೆಜೋಳಕ್ಕೆ ಬೀಜದೆಲೆ ಒಂದೇ. ಅದು ಕಾಳಿನೊಳಗೇ ಉಳಿದು, ಪಕ್ಕದ ಹಿಟ್ಟಿನ ಭಾಗದಿಂದ ಆಹಾರ ಹೀರಿ ಮೊಳಕೆಗೆ ದಾಟಿಸುತ್ತದೆ.

ಮೂರು ಕುಂಡಗಳ ಪ್ರಯೋಗ

ಒಂದೇ ಅಳತೆಯ ಮೂರು ಕುಂಡಗಳಿಗೆ ಒಂದೇ ಮಣ್ಣು ತುಂಬಿ. ನೆನೆದ ಬೀಜಗಳನ್ನು 2–3 ಸೆಂ.ಮೀ. ಆಳದಲ್ಲಿ ಊರಿ. ಮೊದಲು ಮೇಲೆ ಬರುವುದು ಕೊಕ್ಕೆಯಂತೆ ಬಾಗಿದ ಕಾಂಡ. ತುದಿಯ ಎಳೆ ಚಿಗುರು ಮಣ್ಣಿಗೆ ಉಜ್ಜದಿರಲಿ ಎಂದೇ ಈ ಬಾಗು. ಬೆಳಕು ತಾಗಿದ ಮೇಲೆ ಅದು ನೆಟ್ಟಗಾಗಿ ಬೀಜದೆಲೆಗಳನ್ನು ಮೇಲಕ್ಕೆತ್ತುತ್ತದೆ. ಇದನ್ನು ನೋಡುವುದಕ್ಕಾದರೂ ಮಕ್ಕಳ ಜೊತೆ ಈ ಪ್ರಯೋಗ ಮಾಡಬೇಕು.

ಬೀಜದೆಲೆಗಳು ಅಗಲವಾದ ಕೂಡಲೇ, ಒಂದು ಕುಂಡದ ಸಸಿಗಳನ್ನು ಹಾಗೇ ಬಿಡಿ. ಎರಡನೆಯದರಲ್ಲಿ ಒಂದೊಂದು ಬೀಜದೆಲೆ ತೆಗೆಯಿರಿ. ಮೂರನೆಯದರಲ್ಲಿ ಎರಡನ್ನೂ ತೆಗೆಯಿರಿ. ನಡುವಿನ ಚಿಗುರಿಗೆ ಉಗುರು ತಾಗಬಾರದು. ನೀರು, ಬಿಸಿಲು ಮೂರಕ್ಕೂ ಒಂದೇ ಇರಲಿ. ಎರಡು ವಾರ ಎತ್ತರ ಅಳೆದು ಬರೆದಿಡಿ. ಎರಡನ್ನೂ ಕಳೆದುಕೊಂಡ ಸಸಿಗಳು ಹಿಂದೆ ಬೀಳುತ್ತವೆ, ಅವುಗಳ ಎಲೆಯೂ ಚಿಕ್ಕದಾಗಿರುತ್ತದೆ. ಹಾಗೇ ಬಿಟ್ಟ ಸಸಿಗಳಲ್ಲಿ ಬೀಜದೆಲೆ ದಿನೇ ದಿನೇ ಸುಕ್ಕಾಗುವುದನ್ನೂ ಗಮನಿಸಿ. ಬುತ್ತಿ ಖಾಲಿಯಾಗುತ್ತಿದೆ, ಅಲ್ವಾ?

ಟ್ರೇಯಲ್ಲಿ ಸಸಿ ಬೆಳೆಸುವಾಗ

ಟೊಮೆಟೊ, ಸೌತೆ, ಸೂರ್ಯಕಾಂತಿಯ ಬೀಜದೆಲೆಗಳು ಹಸಿರಾಗಿ, ಬಿಸಿಲಿನಲ್ಲಿ ತಾವೇ ಆಹಾರ ತಯಾರಿಸುತ್ತವೆ. ಹಾಗಾಗಿ ಮೊಳಕೆ ಕಂಡ ದಿನವೇ ಟ್ರೇಯನ್ನು ಒಳ್ಳೆಯ ಬೆಳಕಿಗೆ ತನ್ನಿ. ಬೆಳಕು ಸಾಲದಿದ್ದರೆ ಬೀಜದೆಲೆಯ ಕೆಳಗಿನ ಕಾಂಡ ಸಣಕಲಾಗಿ ಉದ್ದಕ್ಕೆ ಎಳೆದುಕೊಂಡು ಬಾಗುತ್ತದೆ.

ಕೆಲವೊಮ್ಮೆ ಬೀಜದ ಸಿಪ್ಪೆ ಎಲೆಗಳ ತುದಿಗೇ ಸಿಕ್ಕಿಕೊಂಡಿರುತ್ತದೆ. ಒಣಗಿದ್ದಾಗ ಎಳೆದರೆ ಎಲೆ ಹರಿಯುತ್ತದೆ. ಒಂದು ಹನಿ ನೀರು ಹಾಕಿ, ಮೆತ್ತಗಾದ ಮೇಲೆ ಬಿಡಿಸಿ.

ಮುಂದೆ ಬರುವ ನಿಜವಾದ ಎಲೆಗಳು ಒಂದೆರಡು ಬಿಚ್ಚಿದಾಗ ಸಸಿ ಬೇರೆ ಕುಂಡಕ್ಕೆ ಹೋಗಬಹುದು. ಎತ್ತುವಾಗ ಬೀಜದೆಲೆಯನ್ನು ಹಿಡಿಯಿರಿ, ಕಾಂಡವನ್ನಲ್ಲ. ಎಲೆ ಹರಿದರೂ ಸಸಿ ಬದುಕುತ್ತದೆ, ಕಾಂಡ ಜಜ್ಜಿದರೆ ಬದುಕುವುದು ಕಷ್ಟ. ಟೊಮೆಟೊ ಸಸಿಯನ್ನು ಬೀಜದೆಲೆಯವರೆಗೂ ಮಣ್ಣಲ್ಲಿ ಇಳಿಸಬಹುದು, ಹೂತ ಕಾಂಡದಿಂದ ಬೇರು ಬರುತ್ತದೆ. ಗೊಬ್ಬರವನ್ನೂ ನಿಜವಾದ ಎಲೆ ಬಂದ ಮೇಲೆಯೇ, ತೆಳುವಾಗಿ ಕೊಡಿ. ಜಾಸ್ತಿಯಾದರೆ ಎಳೆ ಬೇರು ಸುಡುತ್ತದೆ.

ಹುಳ ತಿಂದಿದ್ದರೆ ಎಲ್ಲಿ ಕಡಿದಿದೆ ನೋಡಿ. ಬೀನ್ಸ್ ಸಸಿಯನ್ನು ಬೀಜದೆಲೆಗಳ ಕೆಳಗೆ ಕಡಿದಿದ್ದರೆ ಅದನ್ನು ಕಿತ್ತು ಬೇರೆ ಬೀಜ ಊರಿ, ಅಲ್ಲಿ ಚಿಗುರೊಡೆಯುವ ಮೊಗ್ಗಿಲ್ಲ. ಬಟಾಣಿ, ಕಡಲೆಯ ಬೀಜದೆಲೆಗಳು ಮಣ್ಣೊಳಗೇ ಉಳಿಯುವುದರಿಂದ ಅವುಗಳ ಹತ್ತಿರದ ಮೊಗ್ಗೂ ಕೆಳಗೇ ಇರುತ್ತದೆ. ಮೇಲಿನದ್ದೆಲ್ಲ ಹೋದರೂ ಮತ್ತೆ ಚಿಗುರಬಹುದು, ಸ್ವಲ್ಪ ದಿನ ಕಾಯಿರಿ.

ನಾಲ್ಕಾರು ನಿಜವಾದ ಎಲೆ ಬಂದ ಮೇಲೆ ಬೀಜದೆಲೆ ಹಳದಿಯಾದರೆ ಗಾಬರಿ ಬೇಡ. ಅದಕ್ಕೂ ಮೊದಲೇ ಹಳದಿಯಾದರೆ ಮಣ್ಣಿಗೆ ಬೆರಳಿಟ್ಟು ನೋಡಿ. ಹಸಿಹಸಿಯಾಗಿದ್ದರೆ ನೀರು ಕಡಿಮೆ ಮಾಡಿ.