ಮಳೆಗೆ ಮೊದಲು ಮಾಳಿಗೆಗೆ ಕರ್ಲು ಮಣ್ಣು ಹಾಕುವ ಕ್ರಮ

ಚಿತ್ರದುರ್ಗ, ಬಳ್ಳಾರಿ ಕಡೆ ಹಳೇ ಮಾಳಿಗೆ ಮನೆ (ಮರದ ಮೇಲೆ ಮಣ್ಣು ಹೊದಿಸಿದ ಸಪಾಟು ಚಾವಣಿಯ ಮನೆ) ಸೋರುತ್ತಿದೆ ಅಂದ ಕೂಡಲೇ ಜನ ಸಿಮೆಂಟ್ ತರಲು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಳಗಿನ ಮಣ್ಣು, ಮರ ಎರಡೂ ಹಿಗ್ಗಿ ಕುಗ್ಗುತ್ತಿರುತ್ತವೆ, ಸಿಮೆಂಟ್ ಅದಕ್ಕೆ ಹೊಂದಿಕೊಳ್ಳದೆ ಬಿರುಕು ಬಿಡುತ್ತದೆ, ಅಲ್ಲಿ ಇಳಿದ ನೀರು ಆರಲು ದಾರಿಯಿಲ್ಲದೆ ಒಳಗೊಳಗೇ ಚಾವಣಿ ಹೊರುವ ಮರದ ಜಂತೆ ಕೊಳೆಯುತ್ತದೆ. ಮಾಳಿಗೆಗೆ ಬೇಕಿರುವುದು ಕರ್ಲು ಮಣ್ಣು, ಅಂದರೆ ನೀರು ಇಂಗಲು ಬಿಡದ ಚೌಳು ಮಣ್ಣು.

ಯುಗಾದಿ ಕಳೆದ ಮೇಲೆ, ಭರಣಿ ಮಳೆ (ಏಪ್ರಿಲ್ ಕೊನೆಯ ಹೊತ್ತಿನ ಮಳೆ) ಬೀಳುವ ಮೊದಲು ಕೆಲಸ ಮುಗಿಸಿ.

ಮೊದಲು ಮನೆಯೊಳಗಿಂದ ತೊಲೆ, ಜಂತೆಗಳನ್ನು ಕೋಲಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದರೆ ಗೆದ್ದಲು ತಿಂದಿರಬಹುದು. ಗೋಡೆಯೊಳಗೆ ಕೂತಿರುವ ತುದಿಗಳನ್ನು ಬಿಡಬೇಡಿ, ತೇವ ಜಾಸ್ತಿ ನಿಲ್ಲುವುದು ಅಲ್ಲೇ. ಹಾಳಾದ ಜಂತೆ ಇದ್ದರೆ ಆಸರೆ ಕಂಬ ಕೊಟ್ಟು ಬಡಗಿಯನ್ನು ಕರೆಸಿ. ಅದು ಬದಲಾಗುವವರೆಗೆ ಯಾರೂ ಮೇಲೆ ಹತ್ತಬಾರದು.

ಇನ್ನು ಮಣ್ಣು. ಹುಲ್ಲು ಸರಿಯಾಗಿ ಹುಟ್ಟದ, ಬೇಸಿಗೆಯಲ್ಲಿ ಮೇಲೆ ಬಿಳಿ ಪುಡಿ ಕಾಣುವ, ಮಳೆನೀರು ಇಂಗದೆ ಕದಡಿಕೊಂಡೇ ನಿಲ್ಲುವ ನೆಲ ಹುಡುಕಿ. ಆ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ಹಾಗಾಗಿ ನೆಂದ ಕೂಡಲೇ ಜೇಡಿಯ ಸಣ್ಣ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ, ಬೆಳೆಗೆ ಬೇಡವಾದ ಈ ಗುಣವೇ ನಮಗೆ ಬೇಕಾದದ್ದು. ಅನುಮಾನ ಇದ್ದರೆ ತಳ ತೂತಾದ ಡಬ್ಬಿಯಲ್ಲಿ 3 ಇಂಚು ಮಣ್ಣು ಅದುಮಿ ನೀರು ಹುಯ್ಯಿರಿ. ನೀರು ಮೇಲೇ ನಿಂತರೆ ಸರಿ, ಸರಸರ ಇಳಿದರೆ ಬೇರೆ ಕಡೆ ನೋಡಿ.

ಮಾಳಿಗೆ ಮೇಲಿನ ಹುಲ್ಲನ್ನು ಬೇರು ಸಮೇತ ಕಿತ್ತು, ಸಡಿಲವಾದ ಹಳೇ ಮಣ್ಣನ್ನು ಕೆರೆದು ಇಳಿಸಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ವರ್ಷ ವರ್ಷ ಮೇಲೆ ಮೇಲೆ ಹಾಕುತ್ತಾ ಹೋಗುತ್ತಾರೆ. 10 ಅಡಿಗೆ 10 ಅಡಿ ಜಾಗದಲ್ಲಿ ಒಂದೇ ಇಂಚು ಮಣ್ಣು ಹರಡಿದರೂ 300 ಕಿಲೋಗಿಂತ ಜಾಸ್ತಿ ಭಾರ, ಪಾಪ ಆ ಜಂತೆ ಎಷ್ಟು ಅಂತ ಹೊರಬೇಕು ಅಲ್ವಾ?

ಕುಸಿದ ಜಾಗಕ್ಕೆ ಬಂದರಿಕೆ ಅನ್ನುವ ಕುರುಚಲು ಗಿಡದ ಸೊಪ್ಪು ಒತ್ತೊತ್ತಾಗಿ ಹಾಸಿ, ಕಲಸಿದ ಮಣ್ಣು ಮೆತ್ತಿ, ಪೂರ್ತಿ ಒಣಗಲು ಬಿಡಿ. ಆಮೇಲೆ ಹೆಂಟೆ ಒಡೆದ ಒಣ ಕರ್ಲನ್ನು ಒಂದೆರಡು ಇಂಚು ಹರಡಿ ತುಳಿಯಿರಿ. ಇಳಿಜಾರು ಮಾಳಿಗೆಯಿಂದ ನೀರು ಹೊರಗೆ ಬೀಳುವ ದೋಣಿ (ತೂಬು) ಕಡೆಗೇ ಇರಲಿ. ಗವಾಕ್ಷಿ (ಬೆಳಕಿಗಾಗಿ ಮಾಳಿಗೆಯಲ್ಲಿ ಬಿಟ್ಟ ಕಿಂಡಿ) ಸುತ್ತ ಮಣ್ಣು ಏರಿಸಿ ಸಣ್ಣ ಬದು ಕಟ್ಟಿ, ಸೋರಿಕೆ ಹೆಚ್ಚಾಗಿ ಶುರುವಾಗುವುದು ಅಲ್ಲಿಂದಲೇ.

ಮೊದಲ ಮಳೆ ನಿಂತ ಕೂಡಲೇ ನೀರು ಎಲ್ಲಿ ಮಡುಗಟ್ಟಿದೆ ಅಂತ ಗುರುತು ಹಾಕಿಕೊಳ್ಳಿ. ಒಣಗಿದ ಮೇಲೆ ಅಲ್ಲಿಗೆ ಇನ್ನೊಂದು ಪುಟ್ಟಿ ಕರ್ಲು ಹಾಕಿ.